ಮರಿಗೂ ಮೊಟ್ಟೆ ಕೋಳಿಗೂ ಒಂದೇ ಫೀಡ್ ಹಾಕಿದ್ರೆ ಏನಾಗುತ್ತೆ?

ಪ್ರಶ್ನೆ: ಸಾರ್ ನಮಸ್ತೆ. ನಮ್ದು ಅರಸೀಕೆರೆ ಕಡೆ ಹಳ್ಳಿ. 12 ಗಿರಿರಾಜ ತಳಿ ಹ್ಯಾಟೆ, ಒಂದು ಹುಂಜ ಇದಾವೆ. ಜೊತೆಗೆ 25 ಮರಿ ತಂದಿದೀವಿ, ಈಗ ಅವಕ್ಕೆ ಐದು ವಾರ. ಎಲ್ಲಾ ಒಂದೇ ಶೆಡ್ಡು, ಒಂದೇ ಫೀಡರ್. ಅಂಗಡಿಯವರು ಲೇಯರ್ ಮ್ಯಾಶ್, ಅಂದ್ರೆ ಮೊಟ್ಟೆ ಕೋಳಿ ಫೀಡ್ ಕೊಟ್ಟು ದೊಡ್ಡವಕ್ಕೂ ಚಿಕ್ಕವಕ್ಕೂ ಇದೇ ಆಗುತ್ತೆ ಅಂದ್ರು. ಮೂಟೆ ರೇಟು ಜಾಸ್ತಿ ಅಂತ ಅದಕ್ಕೆ ಅರ್ಧಕ್ಕರ್ಧ ಮುಸುಕಿನ ಜೋಳದ ನುಚ್ಚು ಬೆರೆಸ್ತೀವಿ, ಕೆಲವು ಸಲ ರಾಗಿ. ಈಗ ಹದಿನೈದು ದಿನದಿಂದ ಮೊಟ್ಟೆ ಸಿಪ್ಪೆ ಕೈಯಲ್ಲಿ ಹಿಡಿದ್ರೇ ಒಡೀತಿದೆ. ಮೂರು ಮರಿ ಸತ್ತೋದ್ವು, ಒಂದನ್ನ ನಮ್ಮ ಮಾವ ಕೊಯ್ದು ನೋಡಿದ್ರೆ ಒಳಗೆ ಸುಣ್ಣ ಬಳಿದಂಗೆ ಬೆಳ್ಳಗಿತ್ತು. ಲೇಯರ್ ಫೀಡಲ್ಲೇ ಸುಣ್ಣ ಇರುತ್ತಲ್ಲ, ಆದ್ರೂ ಸಿಪ್ಪೆ ಯಾಕೆ ತೆಳು? ಮರಿಗೆ ಯಾವುದು ಹಾಕ್ಬೇಕು? ಇನ್ನೊಂದು, ಮೊಟ್ಟೆಯ ಹಳದಿನೂ ಬಿಳಿಚಿಕೊಂಡಿದೆ, ಅದೂ ಫೀಡಿಂದಾನಾ?

ಉತ್ತರ: ನೋಡೀಮ್ಮಾ, ನಿಮ್ಮ ಪ್ರಶ್ನೆ ಓದಿದಾಗ ಮೊದಲು ನಗು ಬಂತು, ಆಮೇಲೆ ಮರಿ ಸತ್ತಿರೋದು ಓದಿ ಬೇಜಾರಾಯ್ತು. ನಗು ಯಾಕಂದ್ರೆ ನೀವು ಮಾಡಿರೋ ಮಿಕ್ಸ್ ಇದೆಯಲ್ಲ, ಅದು ಮೊಟ್ಟೆ ಕೋಳಿಗೂ ಸಾಲದು, ಮರಿಗೂ ಸಲ್ಲದು. ಒಂದೇ ಫೀಡಲ್ಲಿ ಕೋಳಿಗೆ ಸುಣ್ಣ, ಅಂದ್ರೆ ಕ್ಯಾಲ್ಸಿಯಂ, ಕಮ್ಮಿಯಾಗಿದೆ, ಮರಿಗೆ ಅದೇ ಸುಣ್ಣ ಜಾಸ್ತಿಯಾಗಿದೆ. ಇಬ್ಬರಿಗೂ ಪ್ರೋಟೀನ್ ಕಮ್ಮಿ ಬಿದ್ದಿದೆ. ಇದು ನಿಮ್ಮೊಬ್ಬರ ಕಥೆ ಅಲ್ಲ ಬಿಡಿ, ಹಿತ್ತಲಲ್ಲಿ ಕೋಳಿ ಸಾಕೋ ಹತ್ತು ಮನೆಗೆ ಹೋದ್ರೆ ಆರು ಮನೇಲಿ ಹಿಂಗೇ ಇರುತ್ತೆ.

ಲೆಕ್ಕ ಹಾಕಿ ತೋರಿಸ್ತೀನಿ. ಒಳ್ಳೆ ಲೇಯರ್ ಮ್ಯಾಶಲ್ಲಿ ಪ್ರೋಟೀನ್ 17 ಪರ್ಸೆಂಟ್ ಆಸುಪಾಸು, ಕ್ಯಾಲ್ಸಿಯಂ 3.5 ಪರ್ಸೆಂಟ್ ಆಸುಪಾಸು ಇರುತ್ತೆ. ಮುಸುಕಿನ ಜೋಳದಲ್ಲಿ ಪ್ರೋಟೀನ್ 9, ಕ್ಯಾಲ್ಸಿಯಂ ಇಲ್ಲ ಅಂತಲೇ ಅಂದ್ಕೊಳ್ಳಿ. ಅರ್ಧಕ್ಕರ್ಧ ಬೆರೆಸಿದ ಮೇಲೆ ಪ್ರೋಟೀನ್ 13ಕ್ಕೆ ಇಳೀತು, ಕ್ಯಾಲ್ಸಿಯಂ 1.75ಕ್ಕೆ ಇಳೀತು. ಗಿರಿರಾಜ ಸ್ವಲ್ಪ ದಪ್ಪ ಕೋಳಿ, ದಿನಕ್ಕೆ 125 ಗ್ರಾಂ ತಿನ್ನುತ್ತೆ ಅಂತಿಟ್ಕೊಂಡ್ರೆ ಹೊಟ್ಟೆಗೆ ಹೋಗೋ ಕ್ಯಾಲ್ಸಿಯಂ ಎರಡು ಗ್ರಾಂ ಚಿಲ್ಲರೆ, ಅದರಲ್ಲಿ ಮೈಗೆ ಹತ್ತೋದು ಹೆಚ್ಚುಕಮ್ಮಿ ಅರ್ಧ, ಅಂದ್ರೆ ಒಂದು ಗ್ರಾಂ. ಆದ್ರೆ ಒಂದು ಮೊಟ್ಟೆ ಸಿಪ್ಪೆಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಬಾಕಿ ಒಂದು ಗ್ರಾಂ ಎಲ್ಲಿಂದ ತರುತ್ತೆ? ತನ್ನ ಮೂಳೆಯಿಂದ. ಸ್ವಲ್ಪ ದಿನ ಹಿಂಗೆ ಮೂಳೆ ಕರಗಿಸಿ ಮೊಟ್ಟೆ ಇಡುತ್ತೆ, ಆಮೇಲೆ ಸಿಪ್ಪೆ ತೆಳ್ಳಗಾಗುತ್ತೆ, ಇನ್ನೂ ಬಿಟ್ರೆ ಸಿಪ್ಪೆನೇ ಇಲ್ಲದ ಮೆತ್ತಗಿನ ಮೊಟ್ಟೆ ಬರುತ್ತೆ, ಕೊನೆಗೆ ಕೋಳಿ ಕಾಲು ಸೋತು ಕೂತುಬಿಡುತ್ತೆ. ನಿಮ್ಮದು ಈಗ ತೆಳು ಸಿಪ್ಪೆ ಹಂತದಲ್ಲಿದೆ, ಅಷ್ಟರಲ್ಲೇ ಕೇಳಿದ್ದು ಒಳ್ಳೇದಾಯ್ತು.

ರಾಗೀಲಿ ಕ್ಯಾಲ್ಸಿಯಂ ಜಾಸ್ತಿ ಅಲ್ವಾ ಸಾರ್ ಅಂತ ನೀವು ಕೇಳ್ತೀರ ಅಂತ ಗೊತ್ತು, ಎಲ್ಲರೂ ಕೇಳ್ತಾರೆ. ಮನುಷ್ಯರಿಗೆ ಜಾಸ್ತಿ, ಅಕ್ಕಿಗೆ ಹೋಲಿಸಿದ್ರೆ ತುಂಬಾನೇ ಜಾಸ್ತಿ. ಆದ್ರೆ 100 ಗ್ರಾಂ ರಾಗೀಲಿ ಇರೋದು ಒಂದು ಗ್ರಾಮಿನ ಮೂರನೇ ಒಂದು ಭಾಗ ಕ್ಯಾಲ್ಸಿಯಂ, ಮೊಟ್ಟೆ ಇಡೋ ಕೋಳಿಗೆ ದಿನಕ್ಕೆ ನಾಲ್ಕು ಗ್ರಾಂ ಬೇಕು. ಬರೀ ರಾಗಿಯಿಂದ ಅದನ್ನ ತುಂಬಿಸಬೇಕು ಅಂದ್ರೆ ಕೋಳಿ ಒಂದು ಕೆಜಿಗಿಂತ ಜಾಸ್ತಿ ರಾಗಿ ತಿನ್ನಬೇಕಾಗುತ್ತೆ. ರಾಗಿ ಹಾಕಿ, ಬೇಡ ಅನ್ನಲ್ಲ, ಜೋಳದ ಬದಲು ಸ್ವಲ್ಪ ಹಾಕಬಹುದು, ಆದ್ರೆ ಅದು ಸುಣ್ಣದ ಕೆಲಸ ಮಾಡಲ್ಲ.

ಈಗ ಮರಿ ವಿಷಯ, ಇದು ಮುಖ್ಯ. ಎಂಟು ವಾರದವರೆಗೆ ಮರಿಗೆ ಬೇಕಾಗಿರೋದು 20 ಪರ್ಸೆಂಟ್ ಪ್ರೋಟೀನ್, 1 ಪರ್ಸೆಂಟ್ ಕ್ಯಾಲ್ಸಿಯಂ. ನಿಮ್ಮ ಮಿಕ್ಸಲ್ಲಿ 13 ಪ್ರೋಟೀನ್, 1.75 ಕ್ಯಾಲ್ಸಿಯಂ. ಇದು ಪೇಪರ್ ಲೆಕ್ಕ. ಫೀಡರಲ್ಲಿ ನಡೆಯೋದೇ ಬೇರೆ. ಕೋಳಿ ಆರಿಸಿ ತಿನ್ನೋ ಪ್ರಾಣಿ. ನೀವು ಬೆಳಿಗ್ಗೆ ಫೀಡರ್ ತುಂಬಿದ ತಕ್ಷಣ ಅಲ್ಲೇ ಹತ್ತು ನಿಮಿಷ ಕೂತು ನೋಡಿ, ದೊಡ್ಡ ಹ್ಯಾಟೆಗಳು ನುಗ್ಗಿ ಕೊಕ್ಕಲ್ಲಿ ಅತ್ತಿತ್ತ ಎರಚಿ ಜೋಳದ ನುಚ್ಚನ್ನ ಒಂದೊಂದೇ ಹೆಕ್ಕಿ ತಿಂತವೆ. ಸಣ್ಣ ಪುಡಿ ಎಲ್ಲಾ ಕೆಳಗೆ ಇಳಿಯುತ್ತೆ. ಆ ಪುಡಿಯಲ್ಲಿ ಏನಿರುತ್ತೆ? ಸುಣ್ಣದ ಕಲ್ಲಿನ ಪುಡಿ, ಮಿನರಲ್, ವಿಟಮಿನ್. ಅಮ್ಮಂದಿರು ಜಾಗ ಬಿಟ್ಟ ಮೇಲೆ ಮರಿಗಳು ಬಂದು ತಿನ್ನೋದು ಅದನ್ನೇ. ಹಿಂಗಾಗಿ ಸುಣ್ಣ ಬೇಕಾದವರು ಜೋಳ ತಿಂದ್ರು, ಬೇಡದವರು ಸುಣ್ಣ ತಿಂದ್ರು.

ನಂಬಿಕೆ ಬರಲಿಲ್ಲ ಅಂದ್ರೆ ಸಂಜೆ ಫೀಡರ್ ತಳದಲ್ಲಿ ಉಳಿದ ಪುಡಿ ಒಂದು ಚಮಚ ತಗೊಂಡು ಸ್ಟೀಲ್ ತಟ್ಟೆಗೆ ಹಾಕಿ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಬುಸುಬುಸು ಅಂತ ನೊರೆ ಬರುತ್ತೆ. ಅದೇ ಬೆಳಿಗ್ಗೆ ಮಿಕ್ಸ್ ಮಾಡಿದ ತಕ್ಷಣ ತೆಗೆದ ಒಂದು ಚಮಚಕ್ಕೆ ಹಿಂಡಿ ನೋಡಿ, ನೊರೆ ಕಮ್ಮಿ. ನಿಂಬೆರಸದ ಹುಳಿಗೆ ಸುಣ್ಣದ ಕಲ್ಲು ನೊರೆ ಬಿಡುತ್ತೆ, ಅಷ್ಟೇ ಸೈನ್ಸು. ಫೀಡ್ ಮಿಲ್ಲಲ್ಲಿ ಕೆಲಸ ಮಾಡೋವಾಗ ಚೀಟಿ ಬಿದ್ದುಹೋದ ಮೂಟೆ ಬಂದ್ರೆ ನಾವು ಮಾಡ್ತಿದ್ದ ಮೊದಲ ಟೆಸ್ಟೇ ಇದು, ಅಲ್ಲಿ ಆಸಿಡ್ ಇರ್ತಿತ್ತು, ಇಲ್ಲಿ ನಿಂಬೆಹಣ್ಣು. ಗ್ರೋವರ್, ಅಂದ್ರೆ ಇನ್ನೂ ಮೊಟ್ಟೆಗೆ ಬರದ ಬೆಳೆಯೋ ಕೋಳಿ ಫೀಡ್, ಅದರ ಮೂಟೆ ಅಂತ ಕೊಟ್ಟಿದ್ದು ಜೋರಾಗಿ ನೊರೆ ಬಂದ್ರೆ ಅದು ಲೇಯರ್ ಅಂತ ಅಲ್ಲೇ ಗೊತ್ತಾಗೋದು.

ಜಾಸ್ತಿಯಾದ ಕ್ಯಾಲ್ಸಿಯಂನ ಮೈಯಿಂದ ಹೊರಗೆ ಹಾಕೋ ಕೆಲಸ ಮರಿಯ ಕಿಡ್ನಿದು. ಅದು ತಡ್ಕೊಳ್ಳೋವರೆಗೂ ತಡ್ಕೊಳ್ಳುತ್ತೆ, ಕೆಟ್ಟ ಮೇಲೆ ಮೂತ್ರದ ಯೂರಿಕ್ ಆಸಿಡ್ ಹೊರಗೆ ಹೋಗದೆ ಹೃದಯ, ಲಿವರ್ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದಂಗೆ ಕೂರುತ್ತೆ. ಇದಕ್ಕೆ ಗೌಟ್ ಅಂತಾರೆ. ನಿಮ್ಮ ಮಾವ ನೋಡಿದ್ದು ಬಹುಶಃ ಅದೇ. ಬಹುಶಃ ಅಂತ ಯಾಕೆ ಹೇಳ್ತೀನಿ ಅಂದ್ರೆ ನೀರು ಸಾಲದೆ ಹೋದ್ರೂ ಗೌಟ್ ಬರುತ್ತೆ, ಐಬಿ ಅನ್ನೋ ವೈರಸ್ ಕಾಯಿಲೇಲೂ ಕಿಡ್ನಿ ಹೋಗುತ್ತೆ. ಆದ್ದರಿಂದ ಇನ್ನೊಂದು ಮರಿ ಸತ್ರೆ ದಯವಿಟ್ಟು ಮನೇಲಿ ಕೊಯ್ಯಬೇಡಿ, ಕವರಲ್ಲಿ ಕಟ್ಟಿ ಅದೇ ದಿನ ಪಶು ಆಸ್ಪತ್ರೆಗೆ ತಗೊಂಡು ಹೋಗಿ, ಡಾಕ್ಟರ್ ಪೋಸ್ಟ್‌ಮಾರ್ಟಂ ಮಾಡಿ ನೋಡ್ತಾರೆ. ಉಳಿದ ಮರಿಗಳಿಗೆ ಇವತ್ತಿಂದ ನೀರು ಧಾರಾಳವಾಗಿ ಇಡಿ, ಎರಡು ಕಡೆ ಇಡಿ, ದೊಡ್ಡವು ಅಡ್ಡ ನಿಂತು ಮರಿಗೆ ಸಿಗದೆ ಹೋಗಬಾರದು.

ಹಾಗಾದ್ರೆ ಏನು ಹಾಕಬೇಕು. ಮರಿಗೆ ಇನ್ನೂ ಮೂರು ವಾರ ಚಿಕ್ ಸ್ಟಾರ್ಟರ್. ಅಂಗಡೀಲಿ ಲೇಯರ್ ಚಿಕ್ ಮ್ಯಾಶ್ ಅಂತ ಕೇಳಿ. 22 ಮರಿಗೆ ಈ ಮೂರು ವಾರಕ್ಕೆ ಹೆಚ್ಚಂದ್ರೆ 25ರಿಂದ 30 ಕೆಜಿ ಸಾಕು, ಆದ್ರೆ ಲೂಸ್ ತಗೊಳ್ಳೋದಾದ್ರೆ ಮೂಟೆ ಯಾವಾಗ ಬಿಚ್ಚಿದ್ದು, ತಯಾರಾದ ತಾರೀಕು ಏನು ಅಂತ ಮೂಟೆಗೆ ಹೊಲೆದಿರೋ ಚೀಟಿ ನೋಡಿ. ಒಂದೂವರೆ ತಿಂಗಳು ದಾಟಿದ್ದರೆ ಬೇಡ, ವಿಟಮಿನ್ ಸತ್ತಿರುತ್ತೆ. ಆ ಚೀಟೀಲೇ ಕ್ರೂಡ್ ಪ್ರೋಟೀನ್ ಎಷ್ಟು, ಕ್ಯಾಲ್ಸಿಯಂ ಎಷ್ಟು ಅಂತ ಬರೆದಿರುತ್ತೆ. ಇಂಡಿಯನ್ ಸ್ಟ್ಯಾಂಡರ್ಡ್ ಪ್ರಕಾರ ಮಾಡಿದ್ದಾದ್ರೆ ಐಎಸ್ 1374 ಅಂತ ನಂಬರ್ ಇರುತ್ತೆ. ಮೂಟೆ ಮೇಲಿನ ಕೋಳಿ ಫೋಟೋ ನೋಡಿ ತರಬೇಡಿ, ಎಲ್ಲಾ ಮೂಟೆ ಮೇಲೂ ಅದೇ ಕೋಳಿ ಇರುತ್ತೆ.

ಹಳ್ಳಿ ಕಡೆ ಅಂಗಡೀಲಿ ಲೇಯರ್ ಚಿಕ್ ಮ್ಯಾಶ್ ಸಿಗೋದೇ ಕಷ್ಟ, ಬ್ರಾಯ್ಲರ್ ಸ್ಟಾರ್ಟರ್ ಮಾತ್ರ ಇರುತ್ತೆ, ಅದು ಹಾಕಬಹುದಾ ಅಂದ್ರೆ, ಎಂಟು ವಾರದವರೆಗೆ ಹಾಕಬಹುದು. ಪ್ರೋಟೀನ್ ಸ್ವಲ್ಪ ಜಾಸ್ತಿ, 22ರ ಹತ್ರ, ಕ್ಯಾಲ್ಸಿಯಂ ಒಂದರ ಆಸುಪಾಸು. ಮರಿಗೆ ಲೇಯರ್ ಮ್ಯಾಶ್ ಹಾಕೋದಕ್ಕಿಂತ ಇದು ಎಷ್ಟೋ ಮೇಲು. ಆಮೇಲೂ ಅದನ್ನೇ ಮುಂದುವರಿಸಿದ್ರೆ ಹ್ಯಾಟೆಗಳು ಕೊಬ್ಬು ಬೆಳೆಸಿಕೊಂಡು ಮೊಟ್ಟೆ ಕಮ್ಮಿ ಇಡ್ತವೆ, ಅದಕ್ಕೆ ಎಂಟು ವಾರಕ್ಕೆ ನಿಲ್ಲಿಸಿ. ಆದ್ರೆ ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ, ಬ್ರಾಯ್ಲರ್ ಫೀಡ್ ಮೊಟ್ಟೆ ಇಡೋ ಕೋಳಿ ಬಾಯಿಗೆ ಬೀಳಬಾರದು. ಅದರಲ್ಲಿ ರಕ್ತಭೇದಿ ಬರದೆ ಇರಲಿ ಅಂತ ಔಷಧಿ ಬೆರೆಸಿರ್ತಾರೆ. ಅದರಲ್ಲಿ ನಿಕಾರ್ಬಜಿನ್ ಅನ್ನೋದೊಂದಿದೆ, ಕಂದು ಮೊಟ್ಟೆ ಇಡೋ ಕೋಳಿ ಅದನ್ನ ತಿಂದ್ರೆ ಮೊಟ್ಟೆಯ ಬಣ್ಣ ಹೋಗಿ ಬೆಳ್ಳಗಾಗುತ್ತೆ, ಕಾವಿಗೆ ಕೂರಿಸಿದ್ರೆ ಮರಿ ಆಗೋದೂ ಕಮ್ಮಿಯಾಗುತ್ತೆ. ಒಮ್ಮೆ ಒಬ್ಬರು ಫೋನ್ ಮಾಡಿ ಸಾರ್ ನಮ್ಮ ನಾಟಿ ಕೋಳಿ ಇದ್ದಕ್ಕಿದ್ದಂಗೆ ಫಾರಂ ಮೊಟ್ಟೆ ಇಡ್ತಿದೆ, ಯಾರಾದ್ರೂ ಮಾಟ ಮಾಡಿಸಿದಾರಾ ಅಂತ ಕೇಳಿದ್ರು. ಹೋಗಿ ನೋಡಿದ್ರೆ ಮರಿಗೆ ತಂದಿದ್ದ ಬ್ರಾಯ್ಲರ್ ಮೂಟೆ ಬಾಯಿ ತೆರೆದುಕೊಂಡಿತ್ತು, ಹ್ಯಾಟೆಗಳು ಅದರಲ್ಲೇ ತಲೆ ಹಾಕಿದ್ವು. ಮೂಟೆ ಕಟ್ಟಿಸಿದ ಮೇಲೆ ಸ್ವಲ್ಪ ದಿನಕ್ಕೆ ಬಣ್ಣ ವಾಪಸ್ ಬಂತು, ಮಾಟ ತೆಗೆದವನು ನಾನೇ ಅಂತ ಹೆಸರೂ ಬಂತು. ಮೂಟೆ ಮೇಲೆ ಔಷಧಿ ಹೆಸರಿದ್ರೆ ಆ ಫೀಡ್ ತಿಂದ ಕೋಳಿಯ ಮೊಟ್ಟೆನ ಮನೇಲಿ ಯಾರೂ ತಿನ್ನಬೇಡಿ, ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನ ಕೇಳಿ.

ಎಂಟು ವಾರ ದಾಟಿದ ಮೇಲೆ ಗ್ರೋವರ್. ಪ್ರೋಟೀನ್ 16 ಸಾಕು, ಕ್ಯಾಲ್ಸಿಯಂ ಆಗಲೂ 1 ಪರ್ಸೆಂಟೇ. ಸ್ಟಾರ್ಟರಿಂದ ಗ್ರೋವರಿಗೆ ಒಂದೇ ದಿನ ಬದಲಾಯಿಸಬೇಡಿ, ಐದಾರು ದಿನ ಬೆರೆಸಿ ಬೆರೆಸಿ ಹಾಕಿ. ಗ್ರೋವರ್ ಎಲ್ಲೀವರೆಗೆ? ಮೂಟೆ ಮೇಲೆ, ಪುಸ್ತಕದಲ್ಲಿ ಎಲ್ಲಾ 18 ವಾರ, 20 ವಾರ ಅಂತಿರುತ್ತೆ, ಅದು ದೊಡ್ಡ ಫಾರಂನ ಬಿಳಿ ಕೋಳಿ ಲೆಕ್ಕ. ಗಿರಿರಾಜ ಮೊದಲ ಮೊಟ್ಟೆ ಇಡೋ ಹೊತ್ತಿಗೆ ಐದೂವರೆ ತಿಂಗಳ ಆಸುಪಾಸು ಆಗುತ್ತೆ, ಪಕ್ಕಾ ನಾಟಿ ಇನ್ನೂ ತಡ. ಹಾಗಾಗಿ ಕ್ಯಾಲೆಂಡರ್ ನೋಡಬೇಡಿ, ಕೋಳಿ ನೋಡಿ. ಜುಟ್ಟು ಕೆಂಪೇರಿ ಹೊಳೆಯೋಕೆ ಶುರುವಾಗುತ್ತೆ, ಬೆನ್ನ ಮೇಲೆ ಕೈ ಇಟ್ರೆ ಓಡೋ ಬದಲು ರೆಕ್ಕೆ ಅಗಲಿಸಿ ಕೂತ್ಕೊಳ್ಳುತ್ತೆ, ಮೂಲೆ ಮೂಲೆ ಹುಡುಕ್ತಾ ಕೊಕ್ಕೊಕ್ಕೋ ಅಂತ ಓಡಾಡುತ್ತೆ. ಹಿಂಭಾಗದಲ್ಲಿ ಎರಡು ಮೂಳೆ ತುದಿ ಸಿಗುತ್ತೆ ನೋಡಿ, ಅದರ ಮಧ್ಯೆ ಎರಡು ಬೆರಳು ಹಿಡಿಸಿದ್ರೆ ಮೊಟ್ಟೆ ಹತ್ರ ಬಂತು ಅಂತ. ಆವಾಗ ಲೇಯರ್ ಫೀಡ್ ಶುರು ಮಾಡಿ. ಬೇಗ ಮೊಟ್ಟೆ ಇಡಲಿ ಅಂತ ಮೂರೂವರೆ ತಿಂಗಳಿಗೇ ಲೇಯರ್ ಹಾಕೋರು ಇದಾರೆ. ಸುಣ್ಣ ತಿಂದ್ರೆ ಮೊಟ್ಟೆ ಬೇಗ ಬರಲ್ಲಮ್ಮಾ, ಕಿಡ್ನಿ ಬೇಗ ಹೋಗುತ್ತೆ.

ಒಂದೇ ಶೆಡ್ಡಲ್ಲಿ ಎರಡು ಫೀಡ್ ಹೇಗೆ ಹಾಕೋದು ಅನ್ನೋದು ನಿಮ್ಮ ಮುಂದಿನ ತಲೆನೋವು. ಶೆಡ್ಡಿನ ಒಂದು ಮೂಲೇಲಿ ಬಿದಿರು ದಬ್ಬೆ ಇಲ್ಲಾ ಕಬ್ಬಿಣದ ಜಾಲರಿ ಅಡ್ಡ ಕಟ್ಟಿ, ಕೆಳಗೆ ಮರಿ ನುಸುಳೋವಷ್ಟು ಸಂದಿ ಬಿಡಿ. ದೊಡ್ಡ ಕೋಳಿ ತಲೆ ತೂರಿಸಿದ್ರೂ ಮೈ ತೂರಬಾರದು. ಮರಿ ಫೀಡರನ್ನ ಜಾಲರಿಯಿಂದ ಒಂದೂವರೆ ಅಡಿ ಒಳಗೆ ಇಡಿ, ಇಲ್ಲಾಂದ್ರೆ ಕತ್ತು ಉದ್ದ ಮಾಡಿ ತಿನ್ನುತ್ತೆ. ದೊಡ್ಡವರ ಫೀಡರನ್ನ ಹಗ್ಗ ಕಟ್ಟಿ ಅವರ ಬೆನ್ನಿನ ಎತ್ತರಕ್ಕೆ ತೂಗಿಬಿಡಿ, ಐದು ವಾರದ ಮರಿಗೆ ಅದು ಎಟುಕಲ್ಲ, ಜೊತೆಗೆ ಚೆಲ್ಲೋದೂ ಕಮ್ಮಿಯಾಗುತ್ತೆ.

ಮೂರು ವಾರ ಹಿಂಗೆ ಒದ್ದಾಡಿದ್ರೆ ಆಮೇಲೆ ಸುಲಭ. ಮರಿ ಎಂಟು ವಾರ ದಾಟಿದ ಮೇಲೆ ಜಾಲರಿ ಕಿತ್ತು ಎಲ್ಲರಿಗೂ ಗ್ರೋವರ್ ಹಾಕಿ, ಸುಣ್ಣವನ್ನ ಮಾತ್ರ ಬೇರೆ ಬಟ್ಟಲಲ್ಲಿ ಇಡಿ. ಹತ್ತು ಹನ್ನೆರಡು ಕೋಳಿ ಇರೋ ಮನೆಗೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಮೊಟ್ಟೆ ಇಡೋ ಕೋಳಿಗೆ ಸುಣ್ಣ ಬೇಕು ಅಂತ ಮೈಯೇ ಹೇಳುತ್ತೆ, ಅದು ಹೋಗಿ ತಿನ್ನುತ್ತೆ, ಬೇಡದ ಮರಿ ಒಂದೆರಡು ಸಲ ಕುಟುಕಿ ಬಿಟ್ಟುಬಿಡುತ್ತೆ. ಪುಡಿ ಮಾಡಿ ಫೀಡಿಗೆ ಬೆರೆಸಿದಾಗ ಮಾತ್ರ ಅದಕ್ಕೆ ಆಯ್ಕೆ ಇರಲ್ಲ.

ಸುಣ್ಣ ಅಂದ್ರೆ ಗೋಡೆಗೆ ಬಳಿಯೋ ಸುಣ್ಣ ಅಲ್ಲ, ಎಲೆ ಅಡಿಕೆ ಸುಣ್ಣವೂ ಅಲ್ಲ, ಅದು ಬಾಯಿ ಸುಡುತ್ತೆ. ಫೀಡ್ ಅಂಗಡೀಲಿ ಶೆಲ್ ಗ್ರಿಟ್ ಅಂತ ಸಿಗುತ್ತೆ, ಕಪ್ಪೆಚಿಪ್ಪು ಪುಡಿ ಮಾಡಿದ್ದು. ತೀರಾ ನುಣ್ಣಗಿನ ಪುಡಿ ತರಬೇಡಿ, ರಾಗಿ ಕಾಳಿಂದ ಸಣ್ಣ ಬೇಳೆ ಸೈಜಿನವರೆಗೆ ತರಿತರಿಯಾಗಿರಲಿ. ಯಾಕಂದ್ರೆ ಮೊಟ್ಟೆಗೆ ಸಿಪ್ಪೆ ಕಟ್ಟೋ ಕೆಲಸ ಜಾಸ್ತಿ ನಡೆಯೋದು ರಾತ್ರಿ, ಕೋಳಿ ನಿದ್ದೆ ಮಾಡೋವಾಗ, ಆಗ ಅದು ಏನೂ ತಿನ್ನಲ್ಲ. ನುಣ್ಣಗಿನ ಪುಡಿ ಬೇಗ ಕರಗಿ ಹೋಗಿರುತ್ತೆ, ತರಿ ಇದ್ರೆ ಹೊಟ್ಟೇಲಿ ನಿಧಾನಕ್ಕೆ ಕರಗ್ತಾ ಬೆಳಗಿನ ಜಾವದವರೆಗೂ ಒದಗುತ್ತೆ. ಹಾಗಾಗಿ ಸಂಜೆ ನಾಲ್ಕೈದು ಗಂಟೆಗೆ ಬಟ್ಟಲು ತುಂಬಿಡಿ. ಮನೇಲಿ ಒಡೆದ ಮೊಟ್ಟೆ ಚಿಪ್ಪನ್ನೂ ಬಳಸಬಹುದು, ತೊಳೆದು ಬಿಸಿಲಲ್ಲಿ ಒಣಗಿಸಿ ಬಾಣಲೇಲಿ ಸ್ವಲ್ಪ ಹುರಿದು ಪುಡಿ ಮಾಡಿ, ಮೊಟ್ಟೆ ಅಂತ ಗುರುತು ಸಿಗಬಾರದು, ಸಿಕ್ಕಿದ್ರೆ ಗೂಡಲ್ಲಿರೋ ಮೊಟ್ಟೆನೇ ಕುಕ್ಕಿ ತಿನ್ನೋ ಚಾಳಿ ಕಲಿತಾವೆ.

ಇವತ್ತಿಂದಲೇ ಹ್ಯಾಟೆಗಳಿಗೆ ಲೇಯರ್ ಮ್ಯಾಶ್ ಪೂರ್ತಿ ಹಾಕಿ, ಜೋಳ ಬೆರೆಸೋದು ನಿಲ್ಲಿಸಿ, ಸಂಜೆ ಗ್ರಿಟ್ ಇಡಿ. ಒಂದು ವಾರ ಹತ್ತು ದಿನದಲ್ಲಿ ಸಿಪ್ಪೆ ಗಟ್ಟಿಯಾಗಬೇಕು. ಆಗಲಿಲ್ಲ ಅಂದ್ರೆ ಕಾರಣ ಬೇರೆ ಇರುತ್ತೆ, ವಯಸ್ಸಾದ ಕೋಳಿ ಇರಬಹುದು, ಕಾಯಿಲೆ ಇರಬಹುದು, ಇಲ್ಲಾ ಬಿಸಿಲು. ಏಪ್ರಿಲ್ ಮೇನಲ್ಲಿ ಕೋಳಿ ಬಾಯಿ ಬಿಟ್ಕೊಂಡು ತೇಕ್ತಾ ಇದ್ರೆ ಎಷ್ಟು ಸುಣ್ಣ ಹಾಕಿದ್ರೂ ಸಿಪ್ಪೆ ತೆಳುವೇ.

ಮ್ಯಾಶ್ ರೇಟು ತಡೆಯೋಕೆ ಆಗಲ್ಲ ಅಂದ್ರೆ ಬರೀ ಜೋಳ ಬೆರೆಸೋ ಬದಲು ಪೂರ್ತಿ ಫೀಡನ್ನೇ ಮನೇಲಿ ಮಾಡಿ. 25 ಕೆಜಿ ಲೇಯರ್ ಫೀಡಿಗೆ ಮುಸುಕಿನ ಜೋಳದ ನುಚ್ಚು 13.5 ಕೆಜಿ, ಸೋಯಾ ಹಿಂಡಿ 6 ಕೆಜಿ, ತೌಡು ಎರಡು ಮುಕ್ಕಾಲು ಕೆಜಿ, ಶೆಲ್ ಗ್ರಿಟ್ 2 ಕೆಜಿ, ಕೋಳಿಗೇ ಅಂತ ಬರೋ ಮಿನರಲ್ ಮಿಕ್ಸ್ಚರ್ 600 ಗ್ರಾಂ ಚಿಲ್ಲರೆ, ಉಪ್ಪು 75 ಗ್ರಾಂ. ವಿಟಮಿನ್ ಪುಡಿ ಪ್ಯಾಕೆಟ್ ಮೇಲೆ ಹೇಳಿದಷ್ಟು, ಮೊದಲು ಅದನ್ನ ಒಂದು ಕೆಜಿ ನುಚ್ಚಿಗೆ ಕಲಸಿ ಆಮೇಲೆ ದೊಡ್ಡ ರಾಶಿಗೆ ಸೇರಿಸಿ, ಇಲ್ಲಾಂದ್ರೆ ಒಂದೇ ಕಡೆ ಕೂರುತ್ತೆ. ಪ್ರೋಟೀನ್ 17 ಬರುತ್ತೆ. ನಿಮ್ಮ 13 ತಲೆಗೆ ಹದಿನೈದು ದಿನಕ್ಕೆ ಸರಿಹೋಗುತ್ತೆ, ಅದಕ್ಕಿಂತ ಜಾಸ್ತಿ ಮಾಡಿಟ್ಕೋಬೇಡಿ. ಮರಿ ಫೀಡನ್ನ ಮಾತ್ರ ಮನೇಲಿ ಮಾಡೋ ಸಾಹಸ ಬೇಡ, ಬೇಕಾಗಿರೋದೇ ಸ್ವಲ್ಪ, ತಪ್ಪಾದ್ರೆ ನಷ್ಟ ಜಾಸ್ತಿ.

ಸೋಯಾ ಹಿಂಡಿ ಬದಲು ಹಸಿ ಸೋಯಾಬೀನ್ ಕಾಳು ಒಡೆದು ಹಾಕಬೇಡಿ, ಬೇಯಿಸದ ಸೋಯಾ ಪ್ರೋಟೀನ್ ಅರಗೋದನ್ನೇ ತಡೆಯುತ್ತೆ. ಹತ್ತಿಕಾಳು ಹಿಂಡಿ ಬೇಡ. ಹಸುವಿನ ಫೀಡ್ ಬೇಡವೇ ಬೇಡ, ಕೆಲವದರಲ್ಲಿ ಯೂರಿಯಾ ಇರುತ್ತೆ, ಹಸು ಹೊಟ್ಟೆ ಅದನ್ನ ಬಳಸಿಕೊಳ್ಳುತ್ತೆ, ಕೋಳಿಗೆ ಅದು ವಿಷ. ಒಣಮೀನು ಒಳ್ಳೇದೇ, ಆದ್ರೆ ಉಪ್ಪು ಹಾಕಿ ಒಣಗಿಸಿದ್ದನ್ನ ಹಾಗೇ ಹಾಕಿದ್ರೆ ಉಪ್ಪು ಜಾಸ್ತಿಯಾಗಿ ಮರಿ ಸಾಯುತ್ತೆ. ಇನ್ನು ಜೋಳ. ಮಳೆಗಾಲ ಮುಗಿಯೋ ಹೊತ್ತಿಗೆ ದಾವಣಗೆರೆ, ಹಾವೇರಿ ಕಡೆಯಿಂದ ಹೊಸ ಜೋಳ ಬಂದಾಗ ರೇಟು ಇಳಿಯುತ್ತೆ, ಎಲ್ಲರೂ ಮುಗಿಬೀಳ್ತಾರೆ. ಕೊಳ್ಳೋ ಮುಂಚೆ ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ. ಟಕ್ ಅಂತ ಒಡೆದ್ರೆ ಒಣಗಿದೆ, ಮೆತ್ತಗೆ ಅಪ್ಪಚ್ಚಿಯಾದ್ರೆ ಬೇಡ. ಕಾಳಿನ ಮೂತಿ ಕಪ್ಪಾಗಿ ಬೂಸ್ಟು ವಾಸನೆ ಬಂದ್ರೆ ಪುಕ್ಕಟೆ ಕೊಟ್ರೂ ಬೇಡ, ಆ ಬೂಸ್ಟಿನ ವಿಷ ಲಿವರ್‌ಗೆ ಹೊಡೆಯುತ್ತೆ, ಬಿಸಿಲಿಗೆ ಹಾಕಿದ್ರೆ ಬೂಸ್ಟು ಸಾಯಬಹುದು, ವಿಷ ಹೋಗಲ್ಲ. ಕಡಲೆಕಾಯಿ ಹಿಂಡೀಲೂ ಇದೇ ಕಾಟ.

ಮೊಟ್ಟೆಯ ಹಳದಿ ಬಿಳಿಚಿಕೊಂಡಿರೋದಕ್ಕೆ ಬಹುಶಃ ಕಾಯಿಲೆ ಕಾರಣ ಅಲ್ಲ, ಹೆದರಬೇಡಿ. ಆ ಬಣ್ಣ ಕೋಳಿ ತಾನಾಗಿ ಮಾಡಲ್ಲ, ಹಳದಿ ಜೋಳ ಮತ್ತೆ ಹಸಿರು ಸೊಪ್ಪಿಂದ ಬರುತ್ತೆ. ನೀವು ರಾಗಿ ಹಾಕಿದ ವಾರ ಬಣ್ಣ ಇಳಿದಿರುತ್ತೆ, ಜೊತೆಗೆ ಮರಿ ಬಂದ ಮೇಲೆ ಕೋಳಿಗಳನ್ನ ಹೊರಗೆ ಬಿಡೋದು ಕಮ್ಮಿ ಮಾಡಿದೀರ ಅನ್ಸುತ್ತೆ. ನೀರಲ್ಲಿ ತೇಲಿ ಬೆಳೆಯೋ ಅಜೋಲ ಅನ್ನೋ ಸೊಪ್ಪು ಬೆಳೆಸಿ ಅಂತ ನಿಮಗೆ ಯಾರಾದ್ರೂ ಹೇಳೇ ಹೇಳ್ತಾರೆ, ಬೆಳೆಸಿ, ಬಣ್ಣಕ್ಕೆ ಒಳ್ಳೇದು, ಆದ್ರೆ ಫೀಡ್ ಖರ್ಚು ಅರ್ಧ ಆಗುತ್ತೆ ಅನ್ನೋ ಮಾತು ನಂಬಬೇಡಿ, ಒಂದು ಕೆಜಿ ಹಸಿ ಅಜೋಲದಲ್ಲಿ 930 ಗ್ರಾಮಿಗಿಂತ ಜಾಸ್ತಿ ನೀರೇ ಇರುತ್ತೆ, ಪ್ರೋಟೀನ್ ಸಿಗೋದು ಹದಿನೈದು ಗ್ರಾಂ ಆಸುಪಾಸು. ಅದಕ್ಕಿಂತ ಹಿತ್ತಲಲ್ಲಿ ನುಗ್ಗೆ ಮರ ಇದ್ರೆ ಒಂದು ಕೊಂಬೆ ಮುರಿದು ಶೆಡ್ಡಲ್ಲಿ ಕೋಳಿ ಹಾರಿ ಕುಕ್ಕೋ ಎತ್ತರಕ್ಕೆ ತೂಗುಹಾಕಿ, ಹತ್ತು ಹದಿನೈದು ದಿನದಲ್ಲಿ ಹಳದಿ ವಾಪಸ್ ಬರುತ್ತೆ.